ತೋಟದ ನಾಯಿಗೆ ಫ್ಲೂ ಬಂದರೆ

ನಾಯಿ ಕೆಮ್ಮುತ್ತಿದೆ, ಮನೆಯಲ್ಲಿ ಸಣ್ಣ ಮಗುವಿದೆ, ಏನಾದರೂ ಅಂಟೀತೇ? ಕಕ್ಕಡದ ಜಡಿಮಳೆಯಲ್ಲಿ ಈ ಪ್ರಶ್ನೆ ಎದುರಿಸದ ಪಶುವೈದ್ಯರು ಕೊಡಗಿನಲ್ಲಿ ಇರಲಾರರು. ತೋಟ ಕಾಯುವ ನಾಯಿಗಳೆಲ್ಲ ಆಗ ಜಗಲಿಗೋ ಸೌದೆ ಕೊಟ್ಟಿಗೆಗೋ ಬಂದು ಒತ್ತೊತ್ತಾಗಿ ಮಲಗುತ್ತವೆ. ಮೈ ಒಣಗುವುದಿಲ್ಲ. ಒಂದು ಕೆಮ್ಮಿದರೆ ವಾರದೊಳಗೆ ನಾಲ್ಕು ಕೆಮ್ಮುತ್ತವೆ. ಅದೇ ಹೊತ್ತಿಗೆ ಮನೆಯವರಿಗೂ ನೆಗಡಿ, ಜ್ವರ. ಯಾರಿಂದ ಯಾರಿಗೆ ಬಂತೆಂಬ ಅನುಮಾನ ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿಯಿಂದ ನಾಯಿಗೆ ಹರಡುವ ಫ್ಲೂ ವೈರಸ್ ಮನುಷ್ಯನಿಗೆ ತಗುಲಿದ ಪ್ರಕರಣ ಜಗತ್ತಿನಲ್ಲಿ ಎಲ್ಲೂ ವರದಿಯಾಗಿಲ್ಲ. ಹಾಗಾಗಿ ಕೆಮ್ಮುವ ನಾಯಿಯನ್ನು ಕಂಡು ಹೆದರಬೇಕಿಲ್ಲ, ಬೀದಿಗೆ ಅಟ್ಟುವುದಂತೂ ಸಲ್ಲದು. ಆದರೆ ವಿಜ್ಞಾನಿಗಳು ಕಳೆದ ಇಪ್ಪತ್ತು ವರ್ಷಗಳಿಂದ ನಾಯಿಯ ಮೂಗಿನ ದ್ರವವನ್ನು ಹತ್ತಿಯಲ್ಲಿ ಒರೆಸಿ ಪರೀಕ್ಷಿಸುತ್ತಲೇ ಇರುವುದಕ್ಕೆ ಗಟ್ಟಿ ಕಾರಣಗಳಿವೆ. ಅದರಲ್ಲಿ ಕೊಡಗಿನವರು ತಿಳಿಯಬೇಕಾದ ಭಾಗ ದೊಡ್ಡದು. ಏಕೆಂದರೆ ನಮ್ಮ ಲೈನ್ ಮನೆಗಳ ಹಿತ್ತಲಲ್ಲಿ ನಾಟಿಕೋಳಿ, ಹಂದಿ, ನಾಯಿ, ಬೆಕ್ಕು, ಮನುಷ್ಯ ಎಲ್ಲರೂ ಒಂದೇ ಅಂಗಳದಲ್ಲಿ ಬದುಕುತ್ತಾರೆ. ಫ್ಲೂ ವೈರಸ್ ಜಾತಿಯಿಂದ ಜಾತಿಗೆ ದಾಟುವುದು ಇಂಥ ಅಂಗಳಗಳಲ್ಲೇ.

ಕುದುರೆಯಿಂದ ಒಂದು, ಹಕ್ಕಿಯಿಂದ ಇನ್ನೊಂದು

ನಾಯಿಗೆ ಅದರದ್ದೇ ಆದ ಫ್ಲೂ ಇದೆಯೆಂದು 2004ರವರೆಗೆ ಯಾರೂ ಎಣಿಸಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದ ಒಂದು ರೇಸ್ ಟ್ರ್ಯಾಕಿನಲ್ಲಿ 22 ಗ್ರೇಹೌಂಡ್ ನಾಯಿಗಳು ಕಾಯಿಲೆ ಬಿದ್ದವು. ಎಂಟು ಸತ್ತವು, ಕೆಲವುಗಳ ಶ್ವಾಸಕೋಶದಲ್ಲಿ ರಕ್ತ ತುಂಬಿತ್ತು. ಫ್ಲಾರಿಡಾ ವಿಶ್ವವಿದ್ಯಾಲಯದ ಸಿಂಡಾ ಕ್ರಾಫರ್ಡ್ ಮಾದರಿಗಳನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಡುಬೋವಿ ಅವರ ಪ್ರಯೋಗಾಲಯಕ್ಕೆ ಕಳಿಸಿದರು. ಸಿಕ್ಕಿದ್ದು ಎಚ್3ಎನ್8. ಅದು ದಶಕಗಳಿಂದ ಕುದುರೆಗಳನ್ನು ಕಾಡುತ್ತಿದ್ದ ವೈರಸ್. ಇಡೀ ವೈರಸ್ ಹಾಗೆಯೇ ಕುದುರೆಯಿಂದ ನಾಯಿಗೆ ದಾಟಿ, ಅಲ್ಲಿ ನೆಲೆ ನಿಂತಿತ್ತು. ಇದೇ ಗುಂಪಿನ ಕುದುರೆ ಫ್ಲೂ 2008-09ರಲ್ಲಿ ಜಮ್ಮುವಿನ ಕಟ್ರಾ ಕಡೆಯಿಂದ ಹಬ್ಬಿ ಭಾರತದ ಹಲವು ರಾಜ್ಯಗಳ ಕುದುರೆಗಳನ್ನು ಮಲಗಿಸಿತ್ತು.

ಎರಡನೆಯದು ಎಚ್3ಎನ್2. ಇದರ ಮೂಲ ಹಕ್ಕಿ. 2000ದ ದಶಕದ ನಡುವೆ ಚೀನಾ ಮತ್ತು ದಕ್ಷಿಣ ಕೊರಿಯಾದ ನಾಯಿಗಳಲ್ಲಿ ಕಾಣಿಸಿಕೊಂಡಿತು. 2015ರ ವಸಂತದಲ್ಲಿ ಷಿಕಾಗೋಕ್ಕೆ ಹೋಗಿ ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಅಂಟಿತು. ಏಷ್ಯಾದಿಂದ ಕರೆತಂದ ನಾಯಿಗಳ ಜೊತೆ 2018ರಲ್ಲಿ ಕೆನಡಾ ಸೇರಿತು. ಕುದುರೆ ಮೂಲದ ಎಚ್3ಎನ್8 ಈಗ ನಾಯಿಗಳಲ್ಲಿ ಬಹುತೇಕ ಮರೆಯಾಗಿದೆ. ಸದ್ಯ ಕಣ್ಣಿಡಬೇಕಾದದ್ದು ಎಚ್3ಎನ್2. ಇದು ಬೆಕ್ಕುಗಳಿಗೂ ಹರಡುತ್ತದೆ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಹೆಸರು ಕನ್ನಡ ಪತ್ರಿಕೆಗಳ ಮುಖಪುಟದಲ್ಲಿತ್ತು. ನಮ್ಮ ಪಕ್ಕದ ಹಾಸನ ಜಿಲ್ಲೆಯ ಹಿರಿಯರೊಬ್ಬರು ಅದರಿಂದ ತೀರಿಕೊಂಡ ಸುದ್ದಿ ಎಲ್ಲರಿಗೂ ನೆನಪಿರಬಹುದು. ಆಗ ಅಂತರ್ಜಾಲದಲ್ಲಿ ಹುಡುಕಿದವರಿಗೆ ನಾಯಿಗಳ ಎಚ್3ಎನ್2 ಸಿಕ್ಕಿ, ಗಾಬರಿ ಇಮ್ಮಡಿಯಾಯಿತು. ಎರಡೂ ಬೇರೆ ಬೇರೆ ವೈರಸ್‌ಗಳು. ಮನುಷ್ಯರ ಎಚ್3ಎನ್2 1968ರ ಹಾಂಗ್‌ಕಾಂಗ್ ಫ್ಲೂವಿನ ಸಂತತಿ. ಪ್ರತಿವರ್ಷ ಮಳೆಗಾಲದಲ್ಲೂ ಚಳಿ ಮುಗಿಯುವ ಹೊತ್ತಿಗೂ ನಮ್ಮ ನಡುವೆ ಸುತ್ತುತ್ತದೆ. ನಾಯಿಯದ್ದು ಹಕ್ಕಿ ಮೂಲದ ಬೇರೆ ಶಾಖೆ. ಎಚ್ ಮತ್ತು ಎನ್ ಎಂಬುವು ವೈರಸ್‌ನ ಮೈಮೇಲಿನ ಎರಡು ಪ್ರೋಟೀನುಗಳ ಗುರುತು ಮಾತ್ರ. ಗುರುತು ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಆಗಬೇಕಿಲ್ಲ.

ಸಂಶೋಧಕರ ಚಿಂತೆ ಏನು

ಫ್ಲೂ ವೈರಸ್‌ನ ವಂಶವಾಹಿ ಎಂಟು ತುಂಡುಗಳಲ್ಲಿದೆ. ಇಸ್ಪೀಟಿನ ಎರಡು ಕಟ್ಟುಗಳನ್ನು ಬೆರೆಸಿ ಕಲಸಿದ ಹಾಗೆ, ಎರಡು ಬಗೆಯ ಫ್ಲೂ ಒಂದೇ ಪ್ರಾಣಿಯ ಒಂದೇ ಜೀವಕೋಶಕ್ಕೆ ನುಗ್ಗಿದರೆ ತುಂಡುಗಳು ಅದಲುಬದಲಾಗಿ ಹೊಸ ವೈರಸ್ ಹುಟ್ಟಬಹುದು. 2009ರಲ್ಲಿ ಜಗತ್ತನ್ನೆಲ್ಲ ಸುತ್ತಿದ ಎಚ್1ಎನ್1, ನಾವು ಹಂದಿಜ್ವರ ಎಂದು ಕರೆದದ್ದು, ಹೀಗೆ ಹಂದಿಗಳಲ್ಲಿ ಕಲಸಿ ಹುಟ್ಟಿದ್ದು. ಹಂದಿಯ ಶ್ವಾಸನಾಳದಲ್ಲಿ ಹಕ್ಕಿಯ ಫ್ಲೂ ಹಿಡಿಯುವ ಕೊಂಡಿಯೂ ಇದೆ, ಮನುಷ್ಯನ ಫ್ಲೂ ಹಿಡಿಯುವ ಕೊಂಡಿಯೂ ಇದೆ. ಹಾಗಾಗಿ ಇಂಥ ಬೆರಕೆಗೆ ಅದು ಹೇಳಿ ಮಾಡಿಸಿದ ಪ್ರಾಣಿಯೆಂದು ಬಹುಕಾಲದಿಂದ ನಂಬಲಾಗಿದೆ. ನಾಯಿಯೂ ಆ ಸಾಲಿಗೆ ಸೇರುತ್ತಿದೆಯೇ ಎಂಬುದು ಈಗಿನ ಪ್ರಶ್ನೆ.

ದಕ್ಷಿಣ ಚೀನಾದ ಗುವಾಂಗ್ಷಿ ಪ್ರಾಂತ್ಯದಲ್ಲಿ ಕೆಮ್ಮು ನೆಗಡಿಯೆಂದು ಪಶು ಆಸ್ಪತ್ರೆಗೆ ಬಂದ ನಾಯಿಗಳನ್ನು ಪರೀಕ್ಷಿಸಿದ ತಂಡವೊಂದು 2018ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿತು. ಹಂದಿಗಳ ಎಚ್1ಎನ್1 ವೈರಸ್ ನಾಯಿಗೆ ದಾಟಿತ್ತು. ಅಷ್ಟಕ್ಕೇ ನಿಲ್ಲದೆ, ನಾಯಿಯಲ್ಲಿ ಮೊದಲೇ ಇದ್ದ ಎಚ್3ಎನ್2ರ ಜೊತೆ ಬೆರೆತು ಹೊಸ ಮಿಶ್ರಣಗಳನ್ನೂ ಹುಟ್ಟಿಸಿತ್ತು. ಇನ್ನೊಂದು ಅಧ್ಯಯನ ಬೀಜಿಂಗ್‌ನ ಚೀನಾ ಕೃಷಿ ವಿಶ್ವವಿದ್ಯಾಲಯದವರದ್ದು, 2023ರಲ್ಲಿ ಬಂತು. 2012ರಿಂದ 2019ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ನಾಯಿಗಳ ಮಾದರಿ ಸಂಗ್ರಹಿಸಿ ವೈರಸ್ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂದು ನೋಡಿದರು. ಈಚಿನ ವರ್ಷಗಳ ವೈರಸ್ ಮನುಷ್ಯನ ಕೊಂಡಿಯನ್ನು ಗುರುತಿಸತೊಡಗಿತ್ತು. ಮನುಷ್ಯನ ಶ್ವಾಸನಾಳದ ಕೋಶಗಳಲ್ಲಿ ಮೊದಲಿಗಿಂತ ಚೆನ್ನಾಗಿ ಬೆಳೆಯುತ್ತಿತ್ತು. ಫ್ಲೂ ಸಂಶೋಧನೆಯಲ್ಲಿ ಮನುಷ್ಯನ ಬದಲಿಗೆ ಬಳಸುವ ಫೆರೆಟ್ ಎಂಬ ಪ್ರಾಣಿಗಳಲ್ಲಿ ಉಸಿರಿನ ಹನಿಗಳ ಮೂಲಕವೇ ಒಂದರಿಂದ ಇನ್ನೊಂದಕ್ಕೆ ಹರಡಿತು. ಇದರ ವಿರುದ್ಧ ಮನುಷ್ಯರ ರಕ್ತದಲ್ಲಿ ಹೇಳಿಕೊಳ್ಳುವ ರೋಗನಿರೋಧಕ ಶಕ್ತಿ ಇಲ್ಲವೆಂದೂ ಕಂಡುಬಂತು.

ಇದು ಎಚ್ಚರಿಕೆಯ ಗಂಟೆ ಹೌದು, ಬೆಂಕಿ ಬಿದ್ದಿದೆಯೆಂಬ ಕೂಗಲ್ಲ. ಪ್ರಯೋಗಾಲಯದ ಫೆರೆಟ್‌ಗೆ ದಾಟಿದ್ದೆಲ್ಲ ಮನುಷ್ಯನಿಗೆ ದಾಟುವುದಿಲ್ಲ. ಜಗತ್ತಿನಲ್ಲಿ ದಿನವೂ ಕೋಟಿಗಟ್ಟಲೆ ಜನ ನಾಯಿಯನ್ನು ಮುದ್ದಿಸುತ್ತಾರೆ, ಆದರೂ ಇಷ್ಟು ವರ್ಷ ಒಬ್ಬರಿಗೂ ತಗುಲಿದ್ದು ಕಂಡಿಲ್ಲವೆಂಬುದೂ ತೂಕದ ಸಾಕ್ಷಿಯೇ.

ವೈರಸ್ ಎದುರು ದಿಕ್ಕಿನಲ್ಲಿ ಹೋಗುವುದು ಮಾತ್ರ ಈಗಾಗಲೇ ಸಾಬೀತಾಗಿದೆ. 2009ರ ಎಚ್1ಎನ್1 ಮನುಷ್ಯರಿಂದ ಮನೆಯ ಬೆಕ್ಕುಗಳಿಗೆ, ಫೆರೆಟ್‌ಗಳಿಗೆ, ನಾಯಿಗಳಿಗೆ ಹೋಯಿತು. ಅಂದರೆ ಕಕ್ಕಡದಲ್ಲಿ ಅಂಟಿದ್ದು ಯಾರಿಂದ ಯಾರಿಗೆ ಎಂಬ ಅನುಮಾನಕ್ಕೆ, ಫ್ಲೂ ಮಟ್ಟಿಗೆ, ಬೆರಳು ನಮ್ಮತ್ತಲೇ ತಿರುಗುತ್ತದೆ. ಮನೆಯಲ್ಲಿ ಯಾರಿಗಾದರೂ ಫ್ಲೂ ಜ್ವರ ಇದ್ದಾಗ ನಾಯಿ ಬೆಕ್ಕುಗಳನ್ನು ಹಾಸಿಗೆಗೆ ಕರೆಯಬೇಡಿ, ಮುಖಕ್ಕೆ ಮುಖ ತಾಗಿಸಬೇಡಿ. ಊಟ ಹಾಕುವ ಕೆಲಸ ಆ ನಾಲ್ಕು ದಿನ ಬೇರೆಯವರು ನೋಡಿಕೊಳ್ಳಲಿ. ಕೋಳಿ, ಹಂದಿ ಸಾಕುವವರು ವರ್ಷಕ್ಕೊಮ್ಮೆ ಮನುಷ್ಯರ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಅದು ಹಕ್ಕಿಜ್ವರವನ್ನು ತಡೆಯುವುದಿಲ್ಲ. ಆದರೆ ಎರಡು ವೈರಸ್ ಒಂದೇ ಮೈಯಲ್ಲಿ ಸೇರುವ ಸಂದರ್ಭವನ್ನು ಕಡಿಮೆ ಮಾಡುತ್ತದೆ.

ಕೋಳಿ ಅಂಗಡಿಯ ಚೀಲ

ಕೊಡಗಿನ ಮಟ್ಟಿಗೆ ನನಗೆ ಹೆಚ್ಚು ಅಳುಕಿರುವುದು ನಾಯಿಯ ಕೆಮ್ಮಿನ ಬಗ್ಗೆ ಅಲ್ಲ, ನಾಯಿಯ ಊಟದ ಬಗ್ಗೆ. ಕುಶಾಲನಗರದಿಂದ ಕುಟ್ಟದವರೆಗೆ ಯಾವ ಊರಿನ ಕೋಳಿ ಅಂಗಡಿಗೆ ಹೋದರೂ ಸಂಜೆ ಹೊತ್ತು ತಲೆ, ಕಾಲು, ಕರುಳು, ಚರ್ಮ ತುಂಬಿದ ಚೀಲ ಒಯ್ಯುವವರು ಸಿಗುತ್ತಾರೆ. ತೋಟದಲ್ಲಿ ನಾಲ್ಕೈದು ನಾಯಿ ಇದ್ದರೆ ಇಷ್ಟು ಅಗ್ಗದ ಮೇವು ಬೇರೆ ಇಲ್ಲ. ಬಹಳ ಮಂದಿ ಬೇಯಿಸಿ ಹಾಕುತ್ತಾರೆ. ಸೌದೆ ಒದ್ದೆಯಾದ ದಿನ, ಕೆಲಸ ಹೆಚ್ಚಾದ ದಿನ ಹಸಿಯದನ್ನೇ ಎಸೆಯುವವರೂ ಇದ್ದಾರೆ.

ಹಕ್ಕಿಜ್ವರದ ಎಚ್5ಎನ್1 ವೈರಸ್ ಮಾಂಸಾಹಾರಿ ಪ್ರಾಣಿಗಳಿಗೆ ದಾಟಿದ ಬಹುತೇಕ ಕಥೆಗಳು ಬಾಯಿಯ ಮೂಲಕವೇ ಸಾಗುತ್ತವೆ. 2004ರಲ್ಲಿ ಥಾಯ್ಲೆಂಡಿನಲ್ಲಿ ಬಾತುಕೋಳಿ ತಿಂದ ನಾಯಿಯೊಂದು ಜ್ವರ ಬಂದು ಸತ್ತಿತು, ಅದರ ದೇಹದಲ್ಲಿ ಎಚ್5ಎನ್1 ಸಿಕ್ಕಿತು. ಅದೇ ವರ್ಷ ಅದೇ ದೇಶದ ಹುಲಿ ಉದ್ಯಾನವೊಂದರಲ್ಲಿ ಹಸಿ ಕೋಳಿ ತಿಂದು ಸೋಂಕು ತಗುಲಿ, ಸತ್ತ ಮತ್ತು ದಯಾಮರಣ ಕೊಟ್ಟ ಹುಲಿಗಳು ನೂರನಲವತ್ತಕ್ಕೂ ಹೆಚ್ಚು. 2023ರಲ್ಲಿ ಕೆನಡಾದ ಆಷವಾ ನಗರದಲ್ಲಿ ಸತ್ತ ಕಾಡು ಹೆಬ್ಬಾತನ್ನು ಕಚ್ಚಿ ಆಡಿದ ಸಾಕುನಾಯಿ ಸತ್ತಿತು. 2024ರಲ್ಲಿ ಅಮೆರಿಕದ ಹಸುಗಳಿಗೆ ಈ ವೈರಸ್ ಬಂದಾಗ ಹಸಿ ಹಾಲು ಕುಡಿದ ಡೈರಿ ಬೆಕ್ಕುಗಳು ಸತ್ತವು. ನಮ್ಮ ದೇಶದಲ್ಲೇ 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ಗೆ ಬಲಿಯಾದವು. ಕೆಲವೇ ದಿನಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಸಾಕು ಬೆಕ್ಕುಗಳಲ್ಲೂ ಅದು ಪತ್ತೆಯಾಯಿತು. ಬೆಕ್ಕಿನ ಕುಲಕ್ಕೆ ಇದು ಮಾರಿಯೇ ಸರಿ. ನಾಯಿ ಅಷ್ಟು ಸುಲಭಕ್ಕೆ ಬೀಳುವುದಿಲ್ಲ, ಆದರೆ ಬಿದ್ದ ಉದಾಹರಣೆಗಳಿವೆ.

ಹಕ್ಕಿಜ್ವರ ನಮಗೆ ದೂರದ ಮಾತೇನೂ ಅಲ್ಲ. 2017ರ ಜನವರಿಯಲ್ಲಿ ಎಚ್5ಎನ್8 ಬಂತೆಂದು ಮೈಸೂರು ಮೃಗಾಲಯ ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು. 2020ರ ಮಾರ್ಚ್‌ನಲ್ಲಿ, ಕೋವಿಡ್ ಲಾಕ್‌ಡೌನಿಗೆ ಕೆಲವೇ ದಿನ ಮುಂಚೆ, ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಖಚಿತವಾಗಿ ಕೋಳಿಗಳನ್ನು ಕೊಲ್ಲಲಾಯಿತು. ಅದೇ ತಿಂಗಳು ಕೇರಳದ ಕೋಯಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲೂ ಕಾಣಿಸಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರಿನ ಕುರೇಕುಪ್ಪಗಳ ಸರದಿ. ಮೈಸೂರಿನ ಕಡೆಯಿಂದಲೂ ಕೇರಳದ ಕಡೆಯಿಂದಲೂ ಕೊಡಗಿಗೆ ಕೋಳಿ ತುಂಬಿದ ಲಾರಿಗಳು ದಿನವೂ ಹತ್ತಿ ಬರುತ್ತವೆ.

ಹಾಗಾಗಿ ನಿಯಮ ಒಂದೇ: ನಾಯಿಗೆ ಬೆಕ್ಕಿಗೆ ಹಾಕುವ ಕೋಳಿಯ ಯಾವ ಭಾಗವೂ ಕುದಿಯದೆ ಅಂಗಳಕ್ಕೆ ಹೋಗಬಾರದು. ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಫ್ಲೂ ವೈರಸ್ ಉಳಿಯದು. ಹಂಡೆಯಲ್ಲಿ ಕೊತಕೊತನೆ ಕುದಿಸಿದರೆ ಥರ್ಮಾಮೀಟರಿನ ಗೊಡವೆ ಬೇಡ. ಬೇಯಿಸಿದ ಕೋಳಿ ಮೂಳೆ ಚೂರಾಗಿ ಗಂಟಲು, ಕರುಳು ಚುಚ್ಚುತ್ತದೆ, ಅದನ್ನು ಆರಿಸಿ ತೆಗೆಯಿರಿ. ಹಸಿ ಚೀಲ ಹಿಡಿದ ಕೈಯನ್ನು ಸಾಬೂನು ಹಾಕಿ ತೊಳೆಯಿರಿ. ಚೀಲದ ರಕ್ತನೀರು ಹಿತ್ತಲ ಕೋಳಿಗಳ ಕಡೆ ಹರಿಯದಿರಲಿ. ಅಂಗಡಿಯ ಕೋಳಿಯಿಂದ ನಾಟಿಕೋಳಿಗೆ ರೋಗ ಬರುವ ದಾರಿಯೂ ಅದೇ. ಇತ್ತೀಚೆಗೆ ಪಟ್ಟಣಗಳಿಂದ ಬಂದು ಹೋಂಸ್ಟೇ ನಡೆಸುವವರಲ್ಲಿ ನಾಯಿಗೆ ಹಸಿ ಮಾಂಸವೇ ಶ್ರೇಷ್ಠವೆಂಬ ಹೊಸ ನಂಬಿಕೆ ಹಬ್ಬಿದೆ. ಹಕ್ಕಿಜ್ವರ ಸುತ್ತುತ್ತಿರುವ ಕಾಲದಲ್ಲಿ ಆ ಫ್ಯಾಷನ್ ನನಗೆ ಒಪ್ಪಿಗೆಯಿಲ್ಲ.

ಸತ್ತ ಕಾಗೆ, ಕೊಕ್ಕರೆ, ಒಟ್ಟಿಗೆ ನಾಲ್ಕಾರು ಕೋಳಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಯನ್ನು ಕಟ್ಟಿಹಾಕಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಬೆಂಗಳೂರಿನ ಹೆಬ್ಬಾಳದ ಪ್ರಾಣಿ ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಂಥ ಪ್ರಯೋಗಾಲಯಗಳ ಮೂಲಕ ಸಾಗುವ ಮಾದರಿಗೆ ಅಂತಿಮ ಮುದ್ರೆ ಬೀಳುವುದು ಭೋಪಾಲದ ಉನ್ನತ ಭದ್ರತೆಯ ರಾಷ್ಟ್ರೀಯ ಪ್ರಾಣಿರೋಗ ಸಂಸ್ಥೆಯಲ್ಲಿ. ಖಚಿತವಾದರೆ ಸುತ್ತಲಿನ 1 ಕಿಲೋಮೀಟರ್ ಸೋಂಕಿನ ವಲಯ, 10 ಕಿಲೋಮೀಟರ್‌ವರೆಗೆ ನಿಗಾ ವಲಯ. ಕೋಳಿ ಹೋದೀತೆಂದು ಮುಚ್ಚಿಡುವವರು ಒಂದು ಲೆಕ್ಕ ತಿಳಿದಿರಲಿ: ಸರ್ಕಾರದ ಪರಿಹಾರ ಸಿಗುವುದು ಇಲಾಖೆಯವರು ಕೊಂದ ಹಕ್ಕಿಗೆ, ತಾನಾಗಿ ಸತ್ತದ್ದಕ್ಕಲ್ಲ. ತಡಮಾಡಿದಷ್ಟೂ ನಷ್ಟ ನಮ್ಮದೇ.

ಹಂದಿಯ ವಿಷಯದಲ್ಲಿ ಎರಡು ಮಾತು ಸಾಕು. 2022ರಲ್ಲಿ ವಯನಾಡಿನ ಬೆನ್ನಿಗೇ ಕೊಡಗಿನಲ್ಲೂ ಕಾಣಿಸಿದ ಆಫ್ರಿಕನ್ ಹಂದಿಜ್ವರಕ್ಕೂ ಫ್ಲೂಗೂ ಸಂಬಂಧವಿಲ್ಲ. ಅದು ಹಂದಿಗಳನ್ನು ಮಾತ್ರ ಕೊಲ್ಲುತ್ತದೆ, ನಾಯಿಗೂ ನಮಗೂ ಬರುವುದಿಲ್ಲ. ಹಂದಿ ಸೀನಿ, ಮೂಗು ಸುರಿಸಿ, ಎರಡು ದಿನದಲ್ಲಿ ಇಡೀ ಗೂಡು ಕೆಮ್ಮತೊಡಗಿದರೆ ಅದು ಫ್ಲೂ ಇರಬಹುದು. ಆಗ ನಾಯಿಗಳನ್ನು ಗೂಡಿನಿಂದ ದೂರವಿಡಿ, ಮೈಯಲ್ಲಿ ಜ್ವರವಿರುವ ಮನುಷ್ಯರೂ ಅತ್ತ ಸುಳಿಯಬೇಡಿ.

ಕೆಮ್ಮುವ ನಾಯಿಗೆ ಏನು ಮಾಡಬೇಕು

ನಾಯಿಯ ಕೆಮ್ಮಿಗೆ ಹತ್ತು ಕಾರಣ. ಫ್ಲೂ ಅವುಗಳಲ್ಲಿ ಒಂದು, ನಮ್ಮ ಕಡೆ ಮೊದಲನೆಯದಂತೂ ಅಲ್ಲ. ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ ಮತ್ತು ಕೆಲವು ವೈರಸ್‌ಗಳು ಸೇರಿ ತರುವ ಕೆನೆಲ್ ಕಾಫ್ ಹೆಚ್ಚು ಸಾಮಾನ್ಯ. ಒಣ ಕೆಮ್ಮು, ಕೊನೆಯಲ್ಲಿ ಓಕರಿಕೆ, ಆದರೆ ನಾಯಿ ಲವಲವಿಕೆಯಿಂದಲೇ ಇರುತ್ತದೆ. ಕಣ್ಣಲ್ಲಿ ಕೀವು, ಮೂಗಲ್ಲಿ ಗಟ್ಟಿ ಸಿಂಬಳ, ಭೇದಿ, ಆಮೇಲೆ ದವಡೆ ಅದುರುವುದು, ಫಿಟ್ಸ್ ಬಂದರೆ ಡಿಸ್ಟೆಂಪರ್ ಎಂದು ಶಂಕಿಸಬೇಕು. ಇದು ಫ್ಲೂಗಿಂತ ಎಷ್ಟೋ ಪಟ್ಟು ಮಾರಕ, ಲಸಿಕೆ ಹಾಕಿಸದ ಮರಿಗಳನ್ನು ಬಿಡುವುದಿಲ್ಲ. ಫ್ಲೂ ಆದರೆ ಸೋಂಕು ತಗುಲಿದ ಎರಡು ನಾಲ್ಕು ದಿನಕ್ಕೆ ಜ್ವರ, ಮಂಕು, ಊಟ ಬೇಡವೆನ್ನುವುದು, ಮೂಗು ಸೋರುವುದು, ಬಳಿಕ ಹತ್ತು ದಿನದಿಂದ ಮೂರು ವಾರದವರೆಗೆ ಎಳೆಯುವ ಕೆಮ್ಮು. ಸೋಂಕು ತಗುಲಿದ ಐದರಲ್ಲಿ ಒಂದು ನಾಯಿ ಲಕ್ಷಣವನ್ನೇ ತೋರದೆ ಹರಡುತ್ತಿರುತ್ತದೆ. ಸಾಯುವುದು ಹತ್ತಕ್ಕೆ ಒಂದಕ್ಕಿಂತ ಕಡಿಮೆ, ಅದೂ ಹೆಚ್ಚಾಗಿ ನ್ಯುಮೋನಿಯಾ ಸೇರಿಕೊಂಡಾಗ.

ಒಂದು ಲಕ್ಷಣವನ್ನು ಮಾತ್ರ ಎಂದೂ ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿ ಜೊಲ್ಲು ಸುರಿಸುತ್ತಿದೆ, ನುಂಗಲಾಗುತ್ತಿಲ್ಲ, ಧ್ವನಿ ಬದಲಾಗಿದೆ, ಗಂಟಲಲ್ಲಿ ಮೂಳೆ ಸಿಕ್ಕಂತೆ ಕೆಮ್ಮುತ್ತಿದೆ. ಮನೆಯವರು ಪಾಪ ಎಂದು ಬಾಯೊಳಗೆ ಕೈ ಹಾಕಿ ಮೂಳೆ ಹುಡುಕುತ್ತಾರೆ. ರೇಬಿಸ್ ಹೀಗೂ ಶುರುವಾಗುತ್ತದೆ. ಕೈ ಹಾಕಬೇಡಿ. ನಾಯಿಯನ್ನು ಕೋಣೆಯಲ್ಲಿ ಕೂಡಿ ವೈದ್ಯರನ್ನು ಕರೆಯಿರಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಅಥವಾ ಹಲ್ಲು ತಗುಲಿದ್ದರೆ ಹರಿಯುವ ನೀರು, ಸಾಬೂನಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಿ. ನಾಯಿಯಿಂದ ಮನುಷ್ಯನಿಗೆ ಬರುವ ರೋಗಗಳಲ್ಲಿ ನಾವು ನಿಜವಾಗಿ ಅಂಜಬೇಕಾದದ್ದು ಇದಕ್ಕೆ, ಮಳೆಗಾಲದಲ್ಲಾದರೆ ಇಲಿ ಜ್ವರಕ್ಕೂ.

ಉಳಿದ ಕೆಮ್ಮುಗಳಲ್ಲಿ ಮೊದಲ ಕೆಲಸ ಬೇರ್ಪಡಿಸುವುದು. ಎಚ್3ಎನ್2 ತಗುಲಿದ ನಾಯಿ ಮೂರು ವಾರದವರೆಗೂ ವೈರಸ್ ಹೊರಹಾಕಬಹುದು, ಆದ್ದರಿಂದ ಕೆಮ್ಮು ನಿಂತಿತೆಂದು ನಾಲ್ಕನೇ ದಿನ ಬಿಟ್ಟುಬಿಡಬೇಡಿ, ನಾಲ್ಕು ವಾರ ಬೇರೆ ಇಡಿ. ಕಾಫಿ ಗೋಡೌನಿನ ಒಂದು ಮೂಲೆ, ಹಳೆಯ ಕೊಟ್ಟಿಗೆ, ಏನಾದರೂ ಸರಿ, ಗಾಳಿಯಾಡಬೇಕು, ನೆಲ ಒಣಗಿರಬೇಕು. ಒಲೆಯ ಹೊಗೆ ತುಂಬಿದ ಕಡೆ ಬೇಡ. ಊಟ ಹಾಕುವಾಗ ಗಟ್ಟಿ ನಾಯಿಗೆ ಮೊದಲು, ಕೆಮ್ಮುವ ನಾಯಿಗೆ ಕೊನೆಗೆ. ತಟ್ಟೆ, ಸರಪಳಿ, ಗೋಣಿ ಬೇರೆ ಬೇರೆ. ವೈರಸ್ ಬಟ್ಟೆಯ ಮೇಲೆ ಒಂದು ದಿನ, ತಟ್ಟೆ ನೆಲದಂಥ ಕಡೆ ಎರಡು ದಿನದವರೆಗೆ ಉಳಿಯಬಲ್ಲದು. ಒಳ್ಳೆಯ ಸುದ್ದಿಯೆಂದರೆ ಸಾಬೂನಿಗೇ ಸಾಯುತ್ತದೆ. ಮೊದಲು ಸಾಬೂನು ನೀರಲ್ಲಿ ಉಜ್ಜಿ, ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚಿಗೆ ಬೇರೆ ಫಿನಾಯಿಲ್, ಆಸಿಡ್ ಬೆರೆಸಬೇಡಿ.

ನಾಯಿಯ ಸಹಜ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗಿಂತ ಹೆಚ್ಚು. ಮುಟ್ಟಿ ನೋಡಿ ಜ್ವರವೆನ್ನುವುದು ಮೋಸ. ಮಲಗಿ ನಿದ್ರಿಸುವಾಗ ಎದೆಯ ಏರಿಳಿತ ಎಣಿಸಿ. ನಿಮಿಷಕ್ಕೆ ಮೂವತ್ತರೊಳಗಿದ್ದರೆ ಸಮಾಧಾನ. ನಲವತ್ತು ದಾಟಿದರೆ, ಒಸಡು ನೀಲಿಗೆ ಅಥವಾ ಬಿಳಿಚಿಗೆ ತಿರುಗಿದರೆ, ಕುತ್ತಿಗೆ ಚಾಚಿ ಕೂತೇ ಉಸಿರೆಳೆಯುತ್ತಿದ್ದರೆ ರಾತ್ರಿಯೆಂದು ಕಾಯಬೇಡಿ.

ಮನೆಯ ಔಷಧಿ ಡಬ್ಬಿ ಮುಚ್ಚಿಯೇ ಇರಲಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ಒಂದೇ ಮಾತ್ರೆಯೂ ಸಾವು ತರಬಲ್ಲದು, ನಾಯಿಗೂ ಅಳತೆ ತಪ್ಪಿದರೆ ವಿಷ. ಫ್ಲೂ ವೈರಸ್ ಕಾಯಿಲೆ, ಆಂಟಿಬಯಾಟಿಕ್ ಅದನ್ನು ಕೊಲ್ಲದು. ಮೇಲಿಂದ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೆಂದು ವೈದ್ಯರಿಗೆ ಕಂಡರೆ ಅವರೇ ಬರೆಯುತ್ತಾರೆ. ಮನುಷ್ಯರಿಗೆ ಕೊಡುವ ಫ್ಲೂ ಮಾತ್ರೆ ಒಸೆಲ್ಟಮಿವಿರ್ ನಾಯಿಗೆ ಬೇಡ. ಬಿಸಿ ಗಂಜಿ, ಕುದಿಸಿದ ಕೋಳಿಯ ಸಾರು, ಬೆಚ್ಚನೆಯ ಒಣ ಜಾಗ, ಕುಡಿಯಲು ನೀರು, ಓಡಾಟಕ್ಕೆ ವಿರಾಮ. ಕೊರಳಪಟ್ಟಿ ಗಂಟಲೊತ್ತಿ ಕೆಮ್ಮು ಹೆಚ್ಚಿಸುತ್ತದೆ, ಬಿಚ್ಚಿಡಿ.

ಲಸಿಕೆ ಚೀಟಿಯಲ್ಲಿ ಪ್ಯಾರಾಇನ್‌ಫ್ಲುಯೆಂಜಾ ಎಂದು ಓದಿ, ನಮ್ಮ ನಾಯಿಗೆ ಫ್ಲೂ ಲಸಿಕೆ ಆಗಿದೆ ಎಂದು ನಿಶ್ಚಿಂತರಾಗುವವರು ಬಹಳ. ಅದು ಬೇರೆಯೇ ವೈರಸ್. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ ಏಳು ಒಂದರಲ್ಲಿ, ಒಂಬತ್ತು ಒಂದರಲ್ಲಿ ಎಂಬ ಚುಚ್ಚುಮದ್ದುಗಳು ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಪ್ಯಾರಾಇನ್‌ಫ್ಲುಯೆಂಜಾ, ಇಲಿ ಜ್ವರಗಳಿಂದ ಕಾಪಾಡುತ್ತವೆಯೇ ಹೊರತು ನಾಯಿ ಫ್ಲೂವಿನಿಂದ ಅಲ್ಲ. ನಾಯಿ ಫ್ಲೂಗೆ ಅಮೆರಿಕದಲ್ಲಿ 2009ರಲ್ಲಿ ಎಚ್3ಎನ್8 ಲಸಿಕೆಗೂ 2015ರಲ್ಲಿ ಎಚ್3ಎನ್2 ಲಸಿಕೆಗೂ ಅನುಮತಿ ಸಿಕ್ಕಿದೆ. ಇಲ್ಲಿ ಅದಕ್ಕಾಗಿ ತಲೆಕೆಡಿಸಿಕೊಳ್ಳುವ ಮೊದಲು ತೋಟದ ಪ್ರತಿ ನಾಯಿಗೂ ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆ ಆಗಿದೆಯೇ ನೋಡಿ. ಸಾಕಿದ ಲ್ಯಾಬ್ರಡಾರ್‌ಗೆ ವರ್ಷವರ್ಷ ಹಾಕಿಸಿ, ಲೈನ್ ಮನೆಯ ನಾಯಿಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು ನಮ್ಮ ತೋಟಗಳ ಹಳೆಯ ಚಾಳಿ. ವೈರಸ್‌ಗೆ ಬಂಗಲೆ, ಲೈನ್ ಎಂಬ ಭೇದವಿಲ್ಲ.

ಕಾಡಂಚಿನ ತೋಟದವರಿಗೆ ಇದು ಇನ್ನೂ ಮುಖ್ಯ. ನಾಗರಹೊಳೆ, ಬ್ರಹ್ಮಗಿರಿ ಅಂಚಿನಲ್ಲಿ ನಮ್ಮ ನಾಯಿ ಅಲೆಯುವ ಜಾಗದಲ್ಲೇ ಸೀಳುನಾಯಿ, ಚಿರತೆ ಓಡಾಡುತ್ತವೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಒಂದರ ಹಿಂದೊಂದು ಸತ್ತಾಗ ಅವುಗಳಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಸೀಳುನಾಯಿ ಗುಂಪಾಗಿ ಬದುಕುವ ಪ್ರಾಣಿ, ಒಂದಕ್ಕೆ ಬಂದದ್ದು ಹಿಂಡಿಗೇ ಹಬ್ಬುತ್ತದೆ. ಸತ್ತ ಕೋಳಿಯನ್ನು ತೋಟದಾಚೆ ಕಾಡಿಗೆ ಎಸೆಯುವುದು ಬಿಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ಹೊಸ ನಾಯಿ, ದೂರದ ನಾಯಿ

ಷಿಕಾಗೋಕ್ಕೂ ಕೆನಡಾಕ್ಕೂ ಎಚ್3ಎನ್2 ಹೋದದ್ದು ವಿಮಾನದಲ್ಲಿ, ನಾಯಿಯ ಜೊತೆ. ವಿದೇಶದಿಂದ ಊರಿಗೆ ಮರಳುವ ನಮ್ಮ ಮನೆಮಕ್ಕಳು ಈಗ ನಾಯಿಯನ್ನೂ ಕರೆತರುತ್ತಾರೆ. ಬೆಂಗಳೂರು ವಿಮಾನ ನಿಲ್ದಾಣದ ಪ್ರಾಣಿ ಕ್ವಾರಂಟೈನ್ ಸೇವೆಯ ಅನುಮತಿ ಪತ್ರವನ್ನು ಹೊರಡುವ ಮೊದಲೇ ಪಡೆಯಬೇಕು. ಮನೆಗೆ ಬಂದ ಮೇಲೂ ಮೂರು ನಾಲ್ಕು ವಾರ ತೋಟದ ನಾಯಿಗಳ ಜೊತೆ ಬಿಡದಿರುವುದು ಜಾಣತನ. ಬೆಂಗಳೂರು, ಮೈಸೂರಿನಿಂದ ಕೊಂಡ ಮರಿಗೂ, ಶ್ವಾನ ಪ್ರದರ್ಶನಕ್ಕೆ ಹೋಗಿಬಂದ ನಾಯಿಗೂ, ಬೋರ್ಡಿಂಗ್‌ನಲ್ಲಿ ಇದ್ದು ಬಂದದ್ದಕ್ಕೂ ಇದೇ ಮಾತು. ಅತಿಥಿಗಳ ನಾಯಿಗೆ ಬಾಗಿಲು ತೆರೆದ ಹೋಂಸ್ಟೇಯವರು ಕೊಠಡಿ ಕಾದಿರಿಸುವಾಗಲೇ ಲಸಿಕೆ ಚೀಟಿಯ ಫೋಟೋ ಕೇಳಿ, ಕಳೆದ ಎರಡು ವಾರದಲ್ಲಿ ಕೆಮ್ಮಿತ್ತೇ ಎಂದೂ ಕೇಳಿ. ಅತಿಥಿಯ ನಾಯಿಗೆ ಮನೆಯ ನಾಯಿಯ ತಟ್ಟೆಯಲ್ಲಿ ನೀರು ಕೊಡಬೇಡಿ.

ಪಶು ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ, ಕೆಮ್ಮುವ ನಾಯಿ ತರುತ್ತಿದ್ದೇನೆ ಎನ್ನಿ. ತಲುಪಿದ ಮೇಲೆ ಸರದಿ ಬರುವವರೆಗೆ ಜೀಪಿನಲ್ಲೇ ಇರಲಿ, ಜಗಲಿಯಲ್ಲಿ ಪಾರ್ವೊ ಲಸಿಕೆಗೆ ಬಂದ ಮರಿಗಳ ಪಕ್ಕ ಕೂರಿಸಬೇಡಿ. ಹಲವು ನಾಯಿಗಳು ಒಟ್ಟಿಗೆ ಬಿದ್ದಿದ್ದರೆ, ಸತ್ತ ಹಕ್ಕಿ ತಿಂದ ಅನುಮಾನವಿದ್ದರೆ, ಅಥವಾ ಬೆಕ್ಕುಗಳೂ ಸಾಯುತ್ತಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ಪರೀಕ್ಷೆಗೆ ಮೂಗಿನ ಮತ್ತು ಗಂಟಲಿನ ದ್ರವ ಬೇಕು, ಲಕ್ಷಣ ಶುರುವಾದ ನಾಲ್ಕು ದಿನದೊಳಗೆ ತೆಗೆದರೆ ವೈರಸ್ ಸಿಗುವ ಸಾಧ್ಯತೆ ಹೆಚ್ಚು. ಆಮೇಲಾದರೆ ರಕ್ತದಲ್ಲಿ ಪ್ರತಿಕಾಯ ನೋಡಬೇಕು, ಅದೂ ಎರಡು ವಾರದ ಅಂತರದಲ್ಲಿ ಎರಡು ಸಲ. ಕೆಮ್ಮು ಯಾವ ದಿನ ಶುರುವಾಯಿತು, ಏನು ತಿಂದಿತ್ತು, ಯಾವ ನಾಯಿಯ ಜೊತೆ ಇತ್ತು, ಮನೆಯಲ್ಲಿ ಯಾರಿಗೆ ಜ್ವರ ಎಂಬುದನ್ನು ಬರೆದಿಟ್ಟುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಜಾನುವಾರು, ಕೋಳಿಗಳ ತುರ್ತಿಗೆ ಪಶು ಸಂಜೀವಿನಿಯ ಸಂಖ್ಯೆ 1962. ಕಾಯಿಲೆ ಬಿದ್ದ ಕೋಳಿ, ಹಂದಿಗಳನ್ನು ಮುಟ್ಟಿದ ಹತ್ತು ದಿನದೊಳಗೆ ನಿಮಗೇ ಜ್ವರ, ಕೆಮ್ಮು, ಕಣ್ಣು ಕೆಂಪಗಾಗುವುದು ಕಂಡರೆ ಮಾಸ್ಕ್ ಹಾಕಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹೋಗಿ, ಮುಟ್ಟಿದ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ಹೇಳಿ.